ಎದುರು ಗುಡ್ಡದ ಅಕ್ಕ

ಟೇಲರಮ್ಮನ ಗಂಟಲು ಊರಿಗೇ ಗೊತ್ತು. ಅಳತೆ ತೆಗೆಯುವಾಗ "ಸೊಂಟ ನಲವತ್ತು!" ಎಂದು ಅವಳು ಹೇಳಿದರೆ ಕೆಳಗಿನ ಮೂರು ಬೀದಿಗೂ ಕೇಳಿ, ಆ ಸೊಂಟದ ಯಜಮಾನ ಒಂದು ವಾರ ತಲೆ ತಗ್ಗಿಸಿಕೊಂಡು ಓಡಾಡಬೇಕಾಗುತ್ತಿತ್ತು. ಅವಳ ಗಂಡ ಪಕ್ಕದಲ್ಲೇ ಇಸ್ತ್ರಿ ಮಾಡುತ್ತಿದ್ದ. ಅವನು ಬಾಯಿ ಬಿಟ್ಟದ್ದನ್ನು ಕಂಡವರು ಕಡಿಮೆ. ಮನೆಗೆ ಬೇಕಾದಷ್ಟು ಮಾತನ್ನು ಒಬ್ಬಳೇ ಆಡುವಾಗ ಇನ್ನೊಬ್ಬರು ಯಾಕೆ ದಣಿಯಬೇಕು ಎನ್ನುವುದು ಅವನ ಲೆಕ್ಕ.

ಆ ಗಂಟಲು ಜಗಳದಿಂದ ಬಂದದ್ದಲ್ಲ, ಗುಡ್ಡದಿಂದ ಬಂದದ್ದು. ಊರು ಎರಡು ಗುಡ್ಡಗಳ ಮೈಮೇಲೆ ಹರಡಿಕೊಂಡಿತ್ತು. ನಡುವೆ ಕಡಿದಾದ ಕಮರಿ, ತಳದಲ್ಲಿ ಹೊಳೆ. ಈ ಗುಡ್ಡದಲ್ಲಿ ಟೇಲರಮ್ಮ, ಎದುರು ಗುಡ್ಡಕ್ಕೆ ಸೊಸೆಯಾಗಿ ಹೋದವಳು ಅವಳ ಅಕ್ಕ. ಕಣ್ಣಿಗೆ ಇಬ್ಬರೂ ಹತ್ತಿರ. ಅಕ್ಕ ಒಣಹಾಕಿದ ಬಟ್ಟೆಯಲ್ಲಿ ಭಾವನದು ಯಾವುದು, ಮಗನದು ಯಾವುದು ಎಂದು ತಂಗಿ ತನ್ನ ಅಂಗಳದಲ್ಲಿ ನಿಂತೇ ಹೇಳುತ್ತಿದ್ದಳು. ಕಾಲಿಗೆ ಮಾತ್ರ ದೂರ. ನಾನೂರು ಮೆಟ್ಟಿಲು ಇಳಿದು, ಹೊಳೆ ದಾಟಿ, ಮತ್ತೆ ಅಷ್ಟೇ ಹತ್ತಬೇಕು. ಹೋಗಿ ಬರುವಷ್ಟರಲ್ಲಿ ಎರಡು ಅಂಗಿ ಹೊಲಿದು ಗುಂಡಿಯನ್ನೂ ಹಚ್ಚಿ ಮುಗಿಸಬಹುದಿತ್ತು. ಹೀಗಾಗಿ ಅಕ್ಕತಂಗಿಯರು ಕಾಲಿನಿಂದ ತಿಂಗಳಿಗೊಮ್ಮೆಯೂ ಗಂಟಲಿನಿಂದ ದಿನಕ್ಕೆರಡು ಸಲವೂ ಭೇಟಿಯಾಗುತ್ತಿದ್ದರು.

ಕೂಗುವುದಕ್ಕೂ ಒಂದು ವರಸೆ ಇತ್ತು. ಮಾತು ಚಿಕ್ಕದಿರಬೇಕು, ಕೊನೆಯ ಅಕ್ಷರವನ್ನು ಎಳೆಯಬೇಕು, ಎಳೆದದ್ದು ಎದುರಿನ ಬಂಡೆಗೆ ಬಡಿದು ತಿರುಗಿ ಬರುವ ತನಕ ಸುಮ್ಮನಿರಬೇಕು.

"ಜ್ವರ ಬಿಡ್ತಾಆಆ?"

"ಬಿಡ್ತೂಊಊ."

ಗುಟ್ಟಿಗೆ ಅಲ್ಲಿ ಜಾಗವಿರಲಿಲ್ಲ. ಒಮ್ಮೆ ಅಕ್ಕ ತಡೆಯಲಾರದೆ "ಅತ್ತೆ ಬೈದ್ರೂಊಊ" ಎಂದು ಕೂಗಿದ್ದಕ್ಕೆ, ಹಿಂದೆಯೇ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದ ಅತ್ತೆ "ಸುಳ್ಳೂಊಊ" ಎಂದು ಸೇರಿಸಿದ್ದರು. ಎರಡು ಗುಡ್ಡದ ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮೂವತ್ತೊಂದು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಮಳೆಗಾಲ ಎದುರು ಗುಡ್ಡದ ನೆತ್ತಿಯಲ್ಲಿ ನೆಲ ಬಿರುಕು ಬಿಟ್ಟಿತು. ಮೊದಲು ಕೈ ತೂರುವಷ್ಟು, ತಿಂಗಳು ಕಳೆಯುವುದರೊಳಗೆ ಕರು ಬೀಳುವಷ್ಟು. ಇಂಜಿನಿಯರುಗಳು ಬಂದು ಗೂಟ ನೆಟ್ಟು ಅಳೆದರು. ಗುಡ್ಡ ಜಾರುತ್ತಿದೆ, ಮುಂದಿನ ಮಳೆಗೆ ಮೊದಲೇ ಅರವತ್ತು ಮನೆಯೂ ಖಾಲಿಯಾಗಬೇಕು ಎಂದರು. ಬಸ್ಸಿನಲ್ಲಿ ಐದು ಗಂಟೆ ದೂರದ ಬಯಲಿನಲ್ಲಿ ಸರ್ಕಾರ ಸಾಲುಮನೆ ಕಟ್ಟಿಸಿತು. ಟೇಲರಮ್ಮನ ಕಡೆಯ ಗುಡ್ಡ ಗಟ್ಟಿಯಿದೆ, ಆದರೂ ಬಯಲಿಗೆ ಬರುವವರಿದ್ದರೆ ಹೆಸರು ಬರೆಸಬಹುದು ಎಂದೂ ಹೇಳಿದರು.

ಹೊರಟ ದಿನ ಬೆಳಿಗ್ಗೆ ಅಕ್ಕ ಅಂಗಳದ ಅಂಚಿಗೆ ಬಂದು ನಿಂತಳು. "ಹೋಗ್ಬರ್ತೀನೀಈಈ." ಕೂಗು ಬಂಡೆಗೆ ಬಡಿದು ತಿರುಗಿತು. ಟೇಲರಮ್ಮ ಬಾಯಿ ತೆರೆದಳು. ಊರನ್ನೇ ನಡುಗಿಸುವ ಗಂಟಲಿನಿಂದ ಒಂದು ಎಳೆಯಷ್ಟೂ ಸದ್ದು ಹೊರಡಲಿಲ್ಲ. ಅಕ್ಕ ಕಾಯುತ್ತಲೇ ಇದ್ದಳು. ಆಗ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ಮಾತೇ ಆಡದ ಗಂಡ ಹೊರಗೆ ಬಂದು, ಎರಡು ಕೈ ಬಾಯಿಗೆ ಹಿಡಿದು ಕೂಗಿದ: "ಹೋಗ್ಬನ್ನೀಈಈ ಅತ್ತಿಗೇಏಏ."

ಅದಾದ ಮೇಲೆ ಫೋನು. ಟೇಲರಮ್ಮ ಫೋನಿನಲ್ಲೂ ಕೂಗುತ್ತಿದ್ದಳು. ಅಕ್ಕ ಅತ್ತಲಿಂದ ಪಿಸುಗುಟ್ಟಿದಂತೆ, "ಮೆಲ್ಲಗೆ ಕಣೇ, ಗೋಡೆ ಆಚೆ ಜನ ಇದಾರೆ" ಎನ್ನುತ್ತಿದ್ದಳು. ಇದ್ಯಾರದೋ ದನಿ, ನನ್ನ ಅಕ್ಕನದಲ್ಲ ಎನಿಸುತ್ತಿತ್ತು ತಂಗಿಗೆ. "ಮತ್ತೆ?" "ಮತ್ತೇನಿಲ್ಲ." ಅಷ್ಟಕ್ಕೇ ಮಾತು ಮುಗಿಯುತ್ತಿತ್ತು.

ಬೆಳಗಾದರೆ ಅವಳ ಕಣ್ಣು ತಾನಾಗಿ ಎದುರು ಗುಡ್ಡಕ್ಕೆ ಹೋಗುತ್ತಿತ್ತು. ಬಟ್ಟೆಯಿಲ್ಲದ ಹಗ್ಗ, ಹೊಗೆಯಿಲ್ಲದ ಮಾಡು. ಕಡೆಗೆ ತಡೆಯಲಾರದೆ, ಅಕ್ಕನಿಗೆಂದು ಗುಡ್ಡದ ಹೆಂಗಸರು ತೊಡುವಂಥ ಒಂದು ಷರಾಯಿ ಹೊಲಿದುಕೊಂಡು ಬಸ್ಸು ಹತ್ತಿದಳು. ಅಕ್ಕನ ಅಳತೆ ಬರೆದಿಟ್ಟುಕೊಳ್ಳುವ ಅಗತ್ಯ ಅವಳಿಗೆ ಎಂದೂ ಬಿದ್ದಿರಲಿಲ್ಲ.

ಷರಾಯಿ ಸೊಂಟದಲ್ಲಿ ಏರಲೇ ಇಲ್ಲ. ಮೀನಖಂಡದ ಹತ್ತಿರವಂತೂ ಗಾಳಿಚೀಲದಂತೆ ಜೋತುಬಿತ್ತು. ಗುಡ್ಡದವರ ಮೀನಖಂಡವೆಂದರೆ ಕಲ್ಲು. ಎರಡು ಬೆರಳು ಬಟ್ಟೆ ಹೆಚ್ಚು ಬಿಟ್ಟೇ ಹೊಲಿಯಬೇಕು.

"ಕಾಲು ಎಲ್ಲಿ ಹೋಯ್ತೇ ನಿಂದು?" ಎಂದಳು ತಂಗಿ.

"ಮೆಟ್ಟಿಲ ಜೊತೆ ಅಲ್ಲೇ ಬಿಟ್ಟು ಬಂದೆ," ಎಂದು ಅಕ್ಕ ನಕ್ಕಳು. "ಸೊಂಟ ಮಾತ್ರ ಇಲ್ಲಿ ಸಿಕ್ತು."

ಟೇಲರಮ್ಮ ಬಾಗಿಲಲ್ಲಿ ಕುಳಿತು ಹೊಲಿಗೆ ಬಿಚ್ಚತೊಡಗಿದಳು. ಮನೆ ಚೆನ್ನಾಗಿತ್ತು. ನಲ್ಲಿಯಲ್ಲಿ ನೀರು, ಕಾಲ್ನಡಿಗೆಯ ದೂರದಲ್ಲಿ ಆಸ್ಪತ್ರೆ, ಮೊಮ್ಮಕ್ಕಳಿಗೆ ಕಣ್ಣಳತೆಯಲ್ಲೇ ಶಾಲೆ.

"ಸುಳ್ಳು ಹೇಳಬಾರದು, ನನ್ನ ಮಂಡಿ ಈ ಬಯಲಿಗೆ ದಿನಾ ಕೈ ಮುಗಿಯುತ್ತೆ," ಎಂದಳು ಅಕ್ಕ. "ಆದ್ರೆ ಕಣ್ಣಿಗೆ ನಿಲ್ಲೋಕೆ ಜಾಗ ಇಲ್ಲ ಕಣೇ. ನೋಡಿದ್ರೆ ನೋಟ ಹೋಗ್ತಾನೇ ಇರುತ್ತೆ. ಅಡ್ಡ ಏನೂ ಸಿಗಲ್ಲ."

ಎದುರೆದುರು ಕುಳಿತರೂ ಮಾತು ಹೊರಡುತ್ತಿರಲಿಲ್ಲ. ಸಣ್ಣ ದನಿಯಲ್ಲಿ ಮಾತಾಡಿ ಇಬ್ಬರಿಗೂ ರೂಢಿಯಿಲ್ಲ. ದೊಡ್ಡ ದನಿ ತೆಗೆದರೆ ಪಕ್ಕದ ಮನೆಯಾಕೆ ಗೋಡೆ ಬಡಿಯುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಅಕ್ಕ ಇದ್ದಕ್ಕಿದ್ದಂತೆ ಎದ್ದು, "ಬಾ" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಊರಾಚೆ ದೊಡ್ಡ ಕಾಲುವೆ ಇತ್ತು. ಅಕ್ಕ ತಂಗಿಯನ್ನು ಈ ದಡದಲ್ಲಿ ನಿಲ್ಲಿಸಿ, ದೂರದ ಸೇತುವೆಯವರೆಗೆ ನಡೆದು, ದಾಟಿ, ಆ ದಡದಗುಂಟ ವಾಪಸು ಬಂದು ಸರಿಯಾಗಿ ಎದುರಿಗೆ ನಿಂತಳು. ಹೆಗಲನ್ನು ಒಮ್ಮೆ ಕೊಡವಿ, ಎದೆ ತುಂಬ ಉಸಿರೆಳೆದುಕೊಂಡು ಕೂಗಿದಳು.

"ತಂಗೀಈಈ!"

ಇಬ್ಬರೂ ರೂಢಿಯಂತೆ ಸುಮ್ಮನಾದರು. ಕೂಗು ತಿರುಗಿ ಬರಲಿಲ್ಲ. ಗದ್ದೆಗಳ ಮೇಲೆ ಹೋಯಿತು, ಹೋಗಿಯೇ ಹೋಯಿತು. ಟೇಲರಮ್ಮ ಇನ್ನೂ ಗಟ್ಟಿಯಾಗಿ "ಅಕ್ಕಾಆಆ" ಎಂದಳು. ಅದನ್ನೂ ಬಯಲು ನುಂಗಿತು. ಕಾಲುವೆ ಕಾಯುವವನು ಸೈಕಲ್ ತುಳಿಯುತ್ತ ಧಾವಿಸಿ ಬಂದು, "ಯಾರಮ್ಮಾ ಬಿದ್ದೋರು? ಮಗುವಾ?" ಎಂದು ಏದುಸಿರು ಬಿಟ್ಟ. ಯಾರೂ ಬಿದ್ದಿಲ್ಲ, ನಾವು ಮಾತಾಡುತ್ತಿದ್ದೇವೆ ಎಂದಾಗ ಅವನು ಇಬ್ಬರನ್ನೂ ಒಂದು ಥರ ನೋಡಿ ಹೋದ. ಅಕ್ಕತಂಗಿಯರು ಎರಡು ದಡದಲ್ಲಿ ನಿಂತು ನಕ್ಕರು. ನಗುತ್ತ ನಗುತ್ತ ಅಕ್ಕ ಮುಖ ಮುಚ್ಚಿಕೊಂಡು ಕುಳಿತುಬಿಟ್ಟಳು.

ಟೇಲರಮ್ಮ ಸುತ್ತಿ ಬಂದು ಪಕ್ಕದಲ್ಲಿ ಕುಳಿತ ಮೇಲೆ ಅಕ್ಕ ಹೇಳಿದಳು: "ಇಷ್ಟು ವರ್ಷ ನಾನೇ ಕೂಗ್ತಿದ್ದೆ ಅಂದ್ಕೊಂಡಿದ್ದೆ ಕಣೇ. ಅರ್ಧ ಗುಡ್ಡವೇ ಕೂಗ್ತಿತ್ತು."

ಕಣ್ಣೊರೆಸಿಕೊಂಡು ಕೇಳಿದಳು: "ಹೊಸ ಸಾಲಲ್ಲಿ ಮನೆ ಖಾಲಿ ಇದೆಯಂತೆ. ಹೆಸರು ಬರೆಸ್ತೀಯಾ?"

"ನೋಡೋಣ," ಎಂದಳು ತಂಗಿ.

ಊರಿಗೆ ಮರಳಿ ಎರಡು ಸಲ ಕಚೇರಿಯ ಬಾಗಿಲವರೆಗೆ ಹೋದಳು. ಒಮ್ಮೆ ಗುಮಾಸ್ತ ಊಟಕ್ಕೆ ಹೋಗಿದ್ದ. ಇನ್ನೊಮ್ಮೆ ಅವನು ಕುರ್ಚಿಯಲ್ಲೇ ಇದ್ದ, ಇವಳೇ ತಿರುಗಿದಳು. ಅಷ್ಟರಲ್ಲಿ ಮಳೆಗಾಲ ಬಂತು. ಎದುರು ಗುಡ್ಡದ ಒಂದು ಭುಜ ಕುಸಿದು ಹೊಳೆಗೆ ಸೇರಿತು. ಅಕ್ಕನ ಮನೆ ಇದ್ದ ಭಾಗ ಮಾತ್ರ ಹಾಗೇ ನಿಂತು, ಹಸಿರು ಹತ್ತಿಕೊಂಡಿತು.

ಬೇಸಿಗೆಯಲ್ಲಿ ಅಕ್ಕ ಬಂದಳು. ರಸ್ತೆಯಿಂದ ತಂಗಿಯ ಮನೆಗೆ ಇರುವುದು ಎಂಬತ್ತೇ ಮೆಟ್ಟಿಲು. ಆರು ಕಡೆ ಕುಳಿತು ಕುಳಿತು ಹತ್ತಿದಳು. ಅಂಗಳದಲ್ಲಿ ನೀರು ಕುಡಿದು ಎದುರಿಗೆ ನೋಡಿದಳು. ಅವಳ ಅಡುಗೆಮನೆಯ ಮಾಡನ್ನು ಸೀಳಿಕೊಂಡು ಒಂದು ಅತ್ತಿಯ ಗಿಡ ಎದ್ದು ನಿಂತಿತ್ತು.

"ಕೂಗಕ್ಕಾ ಒಂದು ಸಲ," ಎಂದಳು ಟೇಲರಮ್ಮ.

"ಯಾರನ್ನ?"

"ನನ್ನನ್ನೇ."

"ನೀನು ಪಕ್ಕದಲ್ಲೇ ಇದೀಯಲ್ಲೇ," ಎಂದಳು ಅಕ್ಕ, ಬಯಲಿನ ಸಣ್ಣ ದನಿಯಲ್ಲಿ. ಕೇಳಿಸಿಕೊಳ್ಳಲು ತಂಗಿ ಬಾಗಬೇಕಾಯಿತು. ಹಾಗೆ ಬಾಗಿಕೊಂಡೇ ಎಂಟು ದಿನ ಅಕ್ಕನ ಮಾತೆಲ್ಲ ಕೇಳಿದಳು. ಭಾವ ಒಮ್ಮೆ ಮನೆ ಬಿಟ್ಟು ಹೋಗಿದ್ದು, ಒಂದು ಮಗು ಹೊಟ್ಟೆಯಲ್ಲೇ ಹೋಗಿದ್ದು, ಮೂವತ್ತೊಂದು ವರ್ಷ ಕಮರಿಯ ಮೇಲೆ ಕೂಗಿ ಹೇಳಲಾಗದೆ ಉಳಿದದ್ದೆಲ್ಲ ಒಂದೊಂದಾಗಿ ಹೊರಬಂತು.

ಹೊರಡುವಾಗ ಬಸ್ಸಿನ ಕಿಟಕಿಯಿಂದ ಅಕ್ಕ ಕೇಳಿದಳು: "ಹೆಸರು ಬರೆಸಿದ್ಯಾ?"

"ಇಲ್ಲ ಅಕ್ಕ."

ಅಕ್ಕ ತಲೆಯಾಡಿಸಿದಳು. "ಬೇಡ ಬಿಡು. ನೀನೂ ಅಲ್ಲಿಗೆ ಬಂದ್ಬಿಟ್ರೆ, ನಾನು ಇಲ್ಲಿಗೆ ಬರೋಕೆ ಯಾವ ನೆಪ ಹೇಳಲಿ?"

ಬಸ್ಸು ಇಳಿಜಾರಿನಲ್ಲಿ ಮೂರು ತಿರುವು ಸುತ್ತುವವರೆಗೂ ಟೇಲರಮ್ಮ ಅಲ್ಲೇ ನಿಂತಿದ್ದಳು.