ಕೊಂಡಪ್ಪ ಡಾಕ್ಟ್ರು ಬರೆಯದ ಕಾಯಿಲೆ

ಸಿಕ್ ಸರ್ಟಿಫಿಕೇಟು ಕೇಳಿ ಬಂದವರಿಗೆಲ್ಲ ಕೊಂಡಪ್ಪ ಡಾಕ್ಟ್ರು ಹೇಳುತ್ತಿದ್ದುದು ಒಂದೇ ಮಾತು: "ಏನಪ್ಪಾ ನಿನ್ ಕೆಲ್ಸ? ಮಾಡಿ ತೋರ್ಸು, ನೋಡಾಣ." ಎಪ್ಪತ್ತರ ದಶಕದ ಕೊನೆ. ಶ್ರೀನಿವಾಸಪುರದ ಅವರ ಷಾಪಿನಲ್ಲಿ, ಅಂದರೆ ಕ್ಲಿನಿಕ್ಕಿನಲ್ಲಿ, ಬಸ್ ಕಂಡಕ್ಟರೊಬ್ಬ ಸೊಂಟ ಹಿಡಿದುಕೊಂಡು, ಇಲ್ಲದ ಜನರ ನಡುವೆ ನುಗ್ಗಿ ಟಿಕೆಟ್ ಹರಿದದ್ದನ್ನು ನಾನೇ ಕಂಡಿದ್ದೇನೆ. ಅವನು ಹಲ್ಲು ಕಚ್ಚಿದ್ದೇ ತಡ, "ಸಾಕು, ಕೂತ್ಕೋ" ಎಂದು ರಜೆ ಬರೆದರು. ಮಾವಿನ ಕೊಯ್ಲಿನ ಕಾಲದಲ್ಲಿ, ತೋಪಿದ್ದ ಯಲ್ದೂರಿನ ಗುಮಾಸ್ತನೊಬ್ಬ ಕೈನೋವೆಂದು ಬಂದು, ಅದೇ ಕೈಯಲ್ಲಿ ಗಾಳಿಯಲ್ಲಿ ಸರಸರ ಬರೆದು ತೋರಿಸಿದ. "ಜ್ವರ ಬಂದಿರೋದು ನಿನ್ ಮಾವಿನಕಾಯ್ಗೆ. ಹೋಗ್ಲಾ," ಅಂದರು.

ಆಮೇಲೆ ನನ್ನ ಸರದಿ ಬಂತು. ನಾನು ಪ್ರೈಮರಿ ಸ್ಕೂಲಿನ ಮೇಷ್ಟ್ರಮ್ಮ. ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಮೈ ಗಟ್ಟಿಯಾಯಿತೆಂದು ಸ್ಕೂಲಿಗೆ ಹೋದರೆ, ಹಾಜರಿ ಕೂಗುವಾಗಲೇ ಅಳು. ಜ್ವರವಿಲ್ಲ, ಗಾಯವಿಲ್ಲ. "ತಿಂದುಂಡು ಅಳೋದೂ ಒಂದು ಕಾಯ್ಲೆನಾ?" ಅನ್ನುತ್ತಿದ್ದರು ಅತ್ತೆ. ನನಗೂ ಹಾಗೇ ಅನಿಸಿ, ನಾಚಿಕೆಯಿಂದ ಯಾರ ಮುಖವನ್ನೂ ನೋಡದಾಗಿದ್ದೆ.

ಡಾಕ್ಟ್ರು ಬಾಗಿಲು ಮುಂದೆ ಮಾಡಿ, "ಪಾಠ ಮಾಡಮ್ಮ. ನಾನೇ ಮಕ್ಳು ಅನ್ಕೋ," ಅಂದರು. ಎದ್ದು ನಿಂತೆ. ಬಾಯಿ ತೆರೆದೆ. ಸ್ವರ ಹೊರಡಲಿಲ್ಲ. ಸೆರಗಲ್ಲಿ ಮುಖ ಮುಚ್ಚಿಕೊಂಡು ಬೇಡಿದೆ: "ಕಾಮಾಲೆ ಅಂತ ಬರ್ಕೊಡಿ ಸಾರ್. ಇಲ್ದಿದ್ರೆ ಹುಚ್ಚಿ ಅಂತಾರೆ."

"ಸುಳ್ಳು ಬರೆಯಲ್ಲಮ್ಮ. ಆದ್ರೆ ನಿನ್ ಸಂಕ್ಟದ ಹೆಸ್ರು ಸ್ಕೂಲ್ನೋರಿಗ್ಯಾಕೆ? ಕೆಲ್ಸ ಮಾಡೋ ಸ್ಥಿತೀಲಿಲ್ಲ, ರೆಸ್ಟು ಬೇಕು. ಅಷ್ಟು ಸಾಕು ಅವ್ರಿಗೆ."

ಹೆಡ್ಮಾಸ್ಟರು ಕಾಯಿಲೆ ಏನೆಂದು ಕೆದಕಲು ಷಾಪಿಗೇ ಹೋದರಂತೆ. "ಆಯಮ್ಮನ ಕಾಯ್ಲೆ ಆಯಮ್ಮಂದು. ವಾಸಿಯಾಗಿ ಬಂದ್ಮೇಲೆ ಮೇಷ್ಟ್ರಮ್ಮ ನಿಮ್ಮೋರು," ಎಂದು ಡಾಕ್ಟ್ರು ಕಳಿಸಿದರಂತೆ. ಬೇಸಿಗೆ ಕಳೆದು ಕೆಲಸಕ್ಕೆ ಹೋದೆ. ಅಳು ಬಂದ ದಿನಗಳೂ ಇದ್ದವು. ಪಾಠ ಮಾತ್ರ ನಿಲ್ಲಲಿಲ್ಲ.

ಎಷ್ಟೋ ವರ್ಷದ ಮೇಲೆ ಡಾಕ್ಟ್ರು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಅಷ್ಟು ಹೊತ್ತಿಗೆ ಷಾಪು ಮುಚ್ಚಿದ್ದರು. ಕುಡಿತ ಹೆಚ್ಚಾಯಿತೆಂದು ಊರು ಆಡಿಕೊಳ್ಳುತ್ತಿತ್ತು. ಮಾತಾಡುತ್ತಿದ್ದಂತೆ ಹೊದ್ದಿದ್ದ ಶಾಲು ಜಾರಿತು. ಬಲಗೈ ಒಂದೇ ಸಮ ನಡುಗುತ್ತಿತ್ತು. ಸರಕ್ಕನೆ ಮುಚ್ಚಿಕೊಂಡು ಮುಖ ತಿರುಗಿಸಿದರು.

"ನರದ ಕಾಯ್ಲೆ ಕಣಮ್ಮ. ಸೂಜಿ ಹಿಡಿಯಕ್ಕಾಗಲ್ಲ. ಹೇಳ್ಕೊಳಕ್ಕೆ ನಾಚ್ಕೆ ಆಗ್ತೈತೆ."

"ಜನ ಬೇರೆ ಏನೇನೋ ಅಂತಾರಲ್ಲ ಸಾರ್?"

"ಕುಡುಕ ಅನ್ಲಿ ಬಿಡು. ಅಯ್ಯೋ ಪಾಪ ಅನ್ಸಿಕೊಳ್ಳೋದಕ್ಕಿಂತ ವಾಸಿ."

ಮುಳಬಾಗಿಲಿನ ಬಸ್ಸು ಬಂತು. ಅವರ ಚೀಲ ಹಿಡಿದು ಹತ್ತಿಸಿ, ಕಿಟಕಿ ಪಕ್ಕ ಕೂರಿಸಿದೆ. ಬಸ್ಸು ಹೊರಟಾಗ ಎಡಗೈ ಎತ್ತಿದರು. ಮತ್ತೆ ಅವರನ್ನು ಕಾಣಲಿಲ್ಲ.