ಅಪ್ಪ ಕಟ್ಟಿದ ಮೋಟಾರು

ಬೈಲಹೊಂಗಲದ ಬಜಾರಿನಲ್ಲಿ ಅಪ್ಪನದು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ತೊಂಬತ್ತರ ದಶಕದ ಮಾತು. ರಾಮದುರ್ಗದ ಹುಡುಗನೊಂದಿಗೆ ನನ್ನ ಮದುವೆ ಗೊತ್ತಾಗಿತ್ತು. ಸವದತ್ತಿಯಲ್ಲಿ ಫೋಟೋ ಸ್ಟುಡಿಯೋ ಮುಚ್ಚುತ್ತಿದ್ದ ಗೆಳೆಯರೊಬ್ಬರು ಅಪ್ಪನಿಗೆ ಕೈಯಲ್ಲಿ ಹಿಡಿಯುವ ಹಳೆಯ ಸಿನಿಮಾ ಕ್ಯಾಮೆರಾ ಕೊಟ್ಟರು. ಜೊತೆಗೆ ಒಂದೇ ಒಂದು ರೀಲು, ಮೂರು ನಿಮಿಷದ್ದು. ಕ್ಯಾಮೆರಾದ ಮೋಟಾರು ಸುಟ್ಟಿತ್ತು.

"ಎಲ್ಲಾರೂ ವಿಡಿಯೋದವನ್ನ ಕರಸ್ತಾರ. ನೀವ್ಯಾಕ ಇದರ ಬೆನ್ನ ಹತ್ತೀರಿ?" ಎಂದಳು ಅವ್ವ.

"ನನ್ನ ಮಗಳ ಮದವಿ ನಾನ ತಗೀತೇನಿ."

ಅಂಥ ಮೋಟಾರು ಎಲ್ಲಿಯೂ ಸಿಗಲಿಲ್ಲ. ಅಪ್ಪ ಟೇಪ್‌ರೆಕಾರ್ಡರಿನದನ್ನು ಬಿಚ್ಚಿ ಕೂಡಿಸಿದ. ಅದು ಉಲ್ಟಾ ತಿರುಗಿತು; ಒಳಗೆ ವೇಗ ಹಿಡಿದಿಡುವ ಸರ್ಕಿಟ್ ಇದ್ದುದರಿಂದ ವೈರು ಅದಲುಬದಲು ಮಾಡುವಂತಿರಲಿಲ್ಲ. ಅಲಾರಾಂ ಗಡಿಯಾರದ ಹಲ್ಲಿನ ಚಕ್ರವೊಂದನ್ನು ಅರದಿಂದ ಉಜ್ಜಿ ಉಜ್ಜಿ ನಡುವೆ ಕೂರಿಸಿ ದಿಕ್ಕು ಸರಿಮಾಡಿದ. ಒಳಗೆ ಜಾಗ ಸಾಲದೆ, ಮೋಟಾರು ಮತ್ತು ಸೆಲ್ಲುಗಳನ್ನು ಸಾಬೂನಿನ ಡಬ್ಬಿಯಲ್ಲಿಟ್ಟು ಕ್ಯಾಮೆರಾದ ಪಕ್ಕಕ್ಕೆ ಬಿಗಿದ. ಮಧ್ಯಾಹ್ನ ನಾನು ಬುತ್ತಿ ಒಯ್ದರೆ ಅದನ್ನು ನನ್ನ ಕಿವಿಗೆ ಹಿಡಿಯುತ್ತಿದ್ದ. "ಕೇಳ, ಎಷ್ಟು ಸಮಾ ಓಡಾಕ್ಹತ್ತೈತಿ!"

ನಾನು ಹ್ಞೂಂ ಎನ್ನುತ್ತಿದ್ದೆ. ನನ್ನ ಮನಸ್ಸೆಲ್ಲ ರಾಮದುರ್ಗದಲ್ಲಿತ್ತು.

ರೀಲಿನ ಬಹುಭಾಗವನ್ನು ಅವನು ನನ್ನನ್ನು ಕಳಿಸಿಕೊಡುವ ಹೊತ್ತಿಗೇ ಉಳಿಸಿಕೊಂಡಿದ್ದ. ಬಾಗಿಲಿನಿಂದ ಟೆಂಪೋವರೆಗೆ ಇಪ್ಪತ್ತು ಹೆಜ್ಜೆಯಷ್ಟೇ, ನನಗೆ ಕಾಲೇ ಏಳಲಿಲ್ಲ. ಎರಡು ಹೆಜ್ಜೆಗೊಮ್ಮೆ ಅವ್ವನ ಕೊರಳಿಗೆ ಬೀಳುತ್ತಿದ್ದೆ. ಅಪ್ಪ ಮಾತ್ರ ಒಂದು ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿಕೊಂಡೇ ನಿಂತಿದ್ದ.

ರೀಲು ಮುಂಬೈಗೆ ಹೋಗಿ ತೊಳೆಸಿಕೊಂಡು ಬರಲು ತಿಂಗಳುಗಳೇ ಹಿಡಿದವು. ಪಂಚಮಿಗೆ ನಾನು ತವರಿಗೆ ಬಂದಾಗ, ಅಪ್ಪ ಸವದತ್ತಿಯ ಗೆಳೆಯರ ಪ್ರೊಜೆಕ್ಟರ್ ತಂದು ರೀಲನ್ನು ಗೋಡೆಯ ಮೇಲೆ ಬಿಟ್ಟ. ಚಿತ್ರದಲ್ಲಿ, ಬಾಗಿಲಿನಿಂದ ಹೊರಬಿದ್ದ ನಾನು ದುಡುದುಡು ಓಡಿ, ಅವ್ವನನ್ನು ಹೀಗೆ ಮುಟ್ಟಿ ಹಾಗೆ ಬಿಟ್ಟು, ಟೆಂಪೋ ಹತ್ತಿಬಿಟ್ಟೆ. ತಂಗಿಯರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

"ಹಿಂಗ ಓಡಿ ಹೋಗಿಲ್ಲ ನನ್ನ ಮಗಳು," ಎಂದ ಅಪ್ಪ. "ಅವತ್ತ ಮೋಟಾರ್ ನಿಧಾನ ತಿರಗೇತಿ, ಸೆಕೆಂಡಿಗೆ ಬೀಳೂ ಚಿತ್ರಾ ಕಡಿಮಿ ಬಿದ್ದಾವು. ಅದಕ್ಕ ಹಿಂಗ ಕಾಣತೈತಿ. ತಪ್ಪು ನಂದು."

ಮರುದಿನ ಬೆಳಿಗ್ಗೆ ಡಬ್ಬಿ ಬಿಚ್ಚಿ, ಮೋಟಾರಿನ ಬೆನ್ನಿನ ತೂತಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ತಿರುವಿ ವೇಗ ಹೆಚ್ಚಿಸಿದ. ಆಮೇಲೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ.

"ನಡಿಯವ್ವಾ. ಅವತ್ತ ನಡದಂಗ."

"ರೀಲ್ ಎಲ್ಲೈತಪ್ಪಾ?"

"ಎಲ್ಲೂ ಸಿಗವಲ್ದು. ಇರಲಿ, ನೀ ನಡಿ."

ನಡೆದೆ. ಖಾಲಿ ಕ್ಯಾಮೆರಾ ಗುಂಯ್‌ಗುಟ್ಟುತ್ತಿತ್ತು. ನಿಂತು ತಿರುಗಿದರೆ, ಮುಂದೆ ಹೋಗೆಂದು ಕೈ ಆಡಿಸಿದ. ಅಂಗಳ ಮುಗಿಯುವಷ್ಟರಲ್ಲಿ ನನಗೆ ಮದುವೆಯ ದಿನಕ್ಕಿಂತ ಹೆಚ್ಚು ಅಳು ಬಂತು.

ಮುಂದೆ ಹಲವು ವರ್ಷ ಅವನು ಹುಬ್ಬಳ್ಳಿ, ಬೆಳಗಾವಿಯಲ್ಲೆಲ್ಲ ರೀಲು ಕೇಳುತ್ತಲೇ ಇದ್ದ. ಸಿಗಲಿಲ್ಲ. ನಾನು ರಾಮದುರ್ಗಕ್ಕೆ ಹೊರಟಾಗಲೆಲ್ಲ ಬಸ್ ಸ್ಟ್ಯಾಂಡಿಗೆ ಬಂದು, "ಯಾಕ ಅವಸರ? ಮುಂದಿನ ಬಸ್ಸಿಗೆ ಹೋದ್ರಾತು," ಎನ್ನುತ್ತಿದ್ದ. ಅತ್ತೆಮನೆಯಲ್ಲಿ ದಾರಿ ಕಾಯುತ್ತಾರೆಂದು ನಾನು ಬಂದ ಬಸ್ಸನ್ನೇ ಹತ್ತುತ್ತಿದ್ದೆ. ಅಪ್ಪ ಹೋಗಿ ವರ್ಷಗಳಾದವು. ಒಂದು ಸಲವಾದರೂ ಬಸ್ ಸ್ಟ್ಯಾಂಡಿನ ಕಲ್ಲಿನ ಕಟ್ಟೆಯ ಮೇಲೆ ಅವನ ಪಕ್ಕದಲ್ಲೇ ಕುಳಿತು, ಬಂದ ಬಸ್ಸನ್ನು ಹೋಗಲು ಬಿಡಬೇಕಿತ್ತು.