ಬಾಗಿಲ ಹಿಡಿಗೆ ಕೈ ಹಾಕಿದಾಗ

ಭುಜ ನೋಡಿದರೆ ಸಾಕು, ಯಾರಿಗೆ ಎಷ್ಟು ಬಟ್ಟೆ ಬೇಕೆಂದು ಹೇಳಬಲ್ಲೆ. ನನ್ನ ಬಟ್ಟೆ ಅಂಗಡಿಯ ಮೇಲಿನ ಮಹಡಿಯ ಡಾಕ್ಟರು ಎರಡೂಕಾಲು ಮೀಟರಿನ ಆಸಾಮಿ: ಸಣಕಲು ಮೈ, ಉದ್ದ ತೋಳು, ಸ್ಟೆತಸ್ಕೋಪ್ ತುರುಕಿ ತುರುಕಿ ಜೋತುಬಿದ್ದ ಜೇಬು. ಮೊದಲು ಬಿಚ್ಚಿದ ಥಾನಿಗೇ ತಲೆಯಾಡಿಸುತ್ತಾರೆ, ಚೌಕಾಸಿ ಬಾರದು. ಅವರು ಲೋಕಸಭೆ ಚುನಾವಣೆಗೆ ನಿಂತಾಗ, ಇಂಥವರಿಗೆ ಠೇವಣಿಯೂ ಉಳಿಯದು ಎಂದು ಅಂದಾಜು ಕಟ್ಟಿದೆ.

ಆದರೂ ಒಳಗೊಳಗೇ ದಿಗಿಲು. ಗೆದ್ದುಬಿಟ್ಟರೆ ನಮ್ಮ ಡಾಕ್ಟರು ಕೈತಪ್ಪುತ್ತಾರಲ್ಲ. ಅದಕ್ಕೇ ಅವರ ಎದುರಾಳಿಗೆ ಮತ ಹಾಕಿದೆ. ನಮ್ಮ ಬೀದಿಯ ಅರ್ಧ ಜನ ಇದೇ ಜಾಣತನ ಮಾಡಿದ್ದರು. ಮಿಕ್ಕ ಊರು ಅವರನ್ನು ಗೆಲ್ಲಿಸಿ ಸಂಸತ್ತಿಗೆ ಕಳಿಸಿತು.

ಆಮೇಲೆ ಶನಿವಾರಕ್ಕೊಮ್ಮೆ ಅವರು ಹಳೆಯ ಕೋಣೆಯಲ್ಲೇ ಕೂತು ಜನರ ಅರ್ಜಿ ತೆಗೆದುಕೊಳ್ಳತೊಡಗಿದರು. ರೋಗಿಗಳನ್ನು ಪಕ್ಕದ ಕೋಣೆಯಲ್ಲಿ ಹೊಸ ಡಾಕ್ಟರು ನೋಡುತ್ತಿದ್ದರು. ನನಗೋ ಮೂರು ವಾರದಿಂದ ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತಿತ್ತು. ಹೊಸಬರಿಗೆ ತೋರಿಸಲು ಮನಸ್ಸಿಲ್ಲ, ಹಳಬರಿಗೆ ತೋರಿಸಲು ಮುಖವಿಲ್ಲ. ಮನೆಯವಳಿಗೆ ಗ್ಯಾಸು ಎಂದು ಹೇಳಿದ್ದೆ.

"ಗ್ಯಾಸಾದ್ರೆ ಅಂಗಡಿ ಏಣಿ ಹತ್ತೋಕೆ ನನ್ನನ್ಯಾಕ್ರೀ ಕರೀತೀರಿ? ಡಾಕ್ಟ್ರು ಬಂದಿದಾರೆ, ಸುಮ್ನೆ ಹೋಗಿ," ಅಂದಳು.

ಹೋದೆ, ಚರಂಡಿ ರಿಪೇರಿಯ ಅರ್ಜಿ ಹಿಡಿದುಕೊಂಡು. ಅವರು ಓದಿ ಸಹಿ ಹಾಕಿದರು. ನಾನು ಎದ್ದು ಬಾಗಿಲ ಹಿಡಿಗೆ ಕೈ ಹಾಕಿದೆ.

"ಸಾಹುಕಾರ್ರೇ, ಇನ್ನೇನಾದ್ರೂ ಇದ್ಯಾ?"

ರೋಗಿ ಹೊರಡುವಾಗ ಈ ಮಾತು ಕೇಳುವುದು ಅವರ ಮೂವತ್ತು ವರ್ಷದ ರೂಢಿ. ಕೆಮ್ಮೆಂದು ಒಳಗೆ ಬಂದವರು ನಿಜವಾದ ಕಾಯಿಲೆ ಹೇಳುವುದು ಬಾಗಿಲಲ್ಲೇ ಅಂತೆ. ಸಂಸದರಾದರೂ ಚಾಳಿ ಬಿಟ್ಟಿರಲಿಲ್ಲ.

"ಇದೆ," ಅಂದೆ. "ಎದೆ ಹಿಡ್ಕೊಳ್ಳುತ್ತೆ. ಮತ್ತೆ... ನಿಮಗೆ ವೋಟು ಹಾಕಿಲ್ಲ."

"ಎರಡನೇದು ಗೊತ್ತಿತ್ತು. ಎಣಿಕೆ ಆದ ದಿನ ಇಡೀ ಬೀದಿ ಸಾವಿನ ಮನೆ ಥರ ಇತ್ತಲ್ಲ. ಮೊದಲನೇದನ್ನ ಯಾಕೆ ಬಚ್ಚಿಟ್ರಿ? ಕೂತ್ಕೊಳ್ಳಿ, ಗುಂಡಿ ಬಿಚ್ಚಿ."

ಹೊರಗೆ ಅರ್ಜಿ ಹಿಡಿದವರ ಸಾಲು ಕಾದೇ ಕಾಯಿತು. ಡಾಕ್ಟರೇ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಸೇರಿಸಿದರು. ಕಟ್ಟಿಕೊಳ್ಳುತ್ತಿದ್ದ ರಕ್ತನಾಳಕ್ಕೆ ಅಂದೇ ಸ್ಟೆಂಟ್ ಹಾಕಿದರು. ಇನ್ನೊಂದು ವಾರ ಬಿಟ್ಟಿದ್ದರೆ ಆಸೆಯಿರಲಿಲ್ಲ ಎಂದರು ಅಲ್ಲಿಯವರು.

ಈಗ ಮೆಟ್ಟಿಲನ್ನೂ ಏಣಿಯನ್ನೂ ನಾನೇ ಹತ್ತುತ್ತೇನೆ. ಮನೆಯವಳು ಕೆಳಗೆ ನಿಂತು ನಿರಾಳವಾಗಿ ಗದರುತ್ತಾಳೆ. ಚರಂಡಿ ಮಾತ್ರ ಇನ್ನೂ ಹಾಗೇ ಇದೆ. ಶನಿವಾರ ಶನಿವಾರ ಹೋಗಿ ನೆನಪಿಸುತ್ತೇನೆ. ನನ್ನ ಜೀವ ಅವರು ಉಳಿಸಿಕೊಟ್ಟದ್ದು. ನಾನು ಅವರಿಗೆ ಒಂದು ಮತ ಕೊಡಬೇಕಾಗಿದೆ.